ಸಂಜೀವಕುಮಾರ ಸರ್ ಅವರ ಹನ್ನೆರಡನೆಯ ಸಾವು

ಸಂಜೀವಕುಮಾರ ಸರ್ ಅವರನ್ನು ನಾನು ಒಟ್ಟು ಹನ್ನೆರಡು ಸಲ ಕೊಂದಿದ್ದೇನೆ. ಹನ್ನೊಂದು ಸಲ ಅವರು ಸಾಯಲಿಲ್ಲ. ಹನ್ನೆರಡನೆಯ ಸಲದ ಸಂಗತಿ ಹೇಳುವ ಮೊದಲು ನಾನು ಯಾರೆಂದು ಹೇಳಬೇಕು. ದಾಂಡೇಲಿಯಲ್ಲಾದರೆ ಹೇಳುವ ಅಗತ್ಯವೇ ಇಲ್ಲ, ಅಲ್ಲಿ ಕಾಳಿ ನದಿಯ ಮೊಸಳೆಗಳಿಗೂ ನನ್ನ ಹೆಸರು ಗೊತ್ತು. ಆದರೆ ನೀವು ಎಲ್ಲಿಯವರೋ ಏನೋ.

ನಾನು ಬಾಳೇಶ. ಧಾರವಾಡ ಕಡೆಯಿಂದ ಬಂದು ಕಾಗದದ ಕಾರ್ಖಾನೆ ಸೇರಿದ ಅಪ್ಪನ ಮಗ. ನಾನೂ ಅದೇ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಹಾಳೆ ಪರೀಕ್ಷಿಸುತ್ತೇನೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒಂದು ಹಾಳೆ ಹಿಡಿದರೆ ಅದರ ತೂಕವೇನು, ಯಾವ ಪಾಳಿಯಲ್ಲಿ ತಯಾರಾಯಿತು, ಆ ಪಾಳಿಯ ಸುಪರ್‌ವೈಸರ್ ಅವತ್ತು ಹೆಂಡತಿಯ ಜೊತೆ ಜಗಳಾಡಿ ಬಂದಿದ್ದನೇ ಇಲ್ಲವೇ, ಎಲ್ಲವನ್ನೂ ಹೇಳಬಲ್ಲೆ. ದೇಶದ ಅರ್ಧ ಪುಸ್ತಕಗಳು ಪುಸ್ತಕಗಳಾಗುವ ಮೊದಲೇ ನನ್ನ ಕೈಯಿಂದ ಹಾದುಹೋಗಿವೆ. ಅಷ್ಟು ಕಾಗದ ಮುಟ್ಟಿದವನಿಗೆ ಬರೆಯುವುದು ಬಾರದೆ ಇದ್ದೀತೇ?

ಹಾಗಾಗಿ ಬರೆದೆ. ಎಂಬತ್ತಾರು ಪುಟದ ಕತೆ. ಅದರಲ್ಲಿ ಹದಿನಾಲ್ಕು ಹುಲಿ, ಎರಡು ಪ್ರವಾಹ, ಒಂದು ಭೂಕಂಪ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮೊದಲ ಪುಟ ಓದಿದಾಗ ಮೂವರ ಕೈಯಿಂದ ಚಹಾದ ಕಪ್ಪು ಜಾರಿಬಿತ್ತು. ಒಬ್ಬ ಅದು ಎಣ್ಣೆಗೈ ಎಂದ. ಅವನು ಸುಳ್ಳ.

ಎರಡು ವರ್ಷದ ಹಿಂದೆ ನನ್ನ ಗೆಳೆಯ ಸುಭಾಸ ಮೌಳಂಗಿಯ ಇಕೋ ಪಾರ್ಕಿನಲ್ಲಿ, ನದಿಯ ದಂಡೆಗೆ, ಎರಡು ದಿನದ ಕಥಾ ಕಮ್ಮಟ ಏರ್ಪಡಿಸಿದ. ಕಲಿಸಲು ಬಂದವರು ಸಂಜೀವಕುಮಾರ ಸರ್. ಹಳಿಯಾಳದಲ್ಲಿ ಕಾಲೇಜು ಹುಡುಗರಿಗೆ ಕನ್ನಡ ಕಲಿಸಿ ನಿವೃತ್ತರಾದವರು, ಎರಡು ಕಥಾಸಂಕಲನ ತಂದವರು. ಜೇಬಿನಲ್ಲಿ ಸದಾ ಒಂದು ಕೆಂಪು ಪೆನ್ನು. ಆ ಪೆನ್ನು ಕಂಡರೆ ಹುಲ್ಲು ಕೂಡ ತನ್ನ ಉದ್ದ ಕಡಿಮೆ ಮಾಡಿಕೊಳ್ಳುತ್ತಿತ್ತು. ನಲವತ್ತು ಜನ ಕೂತಿದ್ದೆವು. ಸರ್ ನನ್ನ ಕಟ್ಟನ್ನು ಎತ್ತಿಕೊಂಡು ಮೊದಲ ವಾಕ್ಯವನ್ನು ಬಯಲಾಟದ ಧಾಟಿಯಲ್ಲಿ ಓದಿದರು:

"ಕಾಡೆಲ್ಲ ನಡುಗಿತು, ಕತ್ತಲೆ ಗುಡುಗಿತು, ಹುಲಿಯ ಬಾಯೊಳಗೆ ಹುಣ್ಣಿಮೆ ಅಡಗಿತು."

ಓದಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಇದೇನ್ರೀ ಬಾಳೇಶ, ಕತಿಯೋ, ಮದುವಿ ಮನಿ ಒಡಪೋ? ಹೊಸ್ತಿಲದಾಗ ನಿಂತ ಮದಲಗಿತ್ತಿ ಹೇಳೂ ಹಂಗೈತಲ್ಲ!"

ಒಡಪು ನಿಮಗೆ ಗೊತ್ತಿರಬೇಕು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಬಾಯಿಬಿಟ್ಟು ಹೇಳುವುದಿಲ್ಲ. ಮದುವೆಯ ದಿನ ನಾದಿನಿಯರು ಹೊಸ್ತಿಲಲ್ಲಿ ತಡೆದು ನಿಲ್ಲಿಸಿದಾಗ ಮಾತ್ರ, ಪ್ರಾಸ ಕಟ್ಟಿದ ಎರಡು ಸಾಲಿನಲ್ಲಿ ಆ ಹೆಸರು ಸೇರಿಸಿ ಹೇಳಿ ಒಳಗೆ ಬರಬೇಕು. ನನ್ನ ಹದಿನಾಲ್ಕು ಹುಲಿಗಳನ್ನು ಆ ಮನುಷ್ಯ ಹೊಸ್ತಿಲಲ್ಲಿ ಸೀರೆ ಉಡಿಸಿ ನಿಲ್ಲಿಸಿಬಿಟ್ಟರು.

ನಲವತ್ತು ಜನ ನಕ್ಕರು. ಅಷ್ಟಕ್ಕೇ ಮುಗಿಯಲಿಲ್ಲ. ಆಗಲೇ ಮಿರ್ಚಿ ಭಜಿ ಬಂತು. ಸರ್ ಒಂದು ಭಜಿ ಎತ್ತಿಕೊಂಡರು, ಕೈ ಸುಟ್ಟಿತು, ಸುತ್ತ ನೋಡಿದರು, ಪ್ಲೇಟು ಕಾಣಲಿಲ್ಲ, ನನ್ನ ಮೊದಲ ಪುಟದ ಮೇಲೆ ಇಟ್ಟರು.

"ನೋಡ್ರಿ, ಈಗ ನಿಮ್ಮ ಕತ್ಯಾಗ ಸ್ವಲ್ಪ ಖಾರ ಬಂತು."

ಆ ನಗೆಗೆ ನದಿಯ ಆಚೆ ದಂಡೆಯ ಮಂಗಟ್ಟೆ ಹಕ್ಕಿಗಳು ಎದ್ದು ಜೋಯಿಡಾದ ಕಡೆ ಹಾರಿದವು. ಇನ್ನೂ ತಿರುಗಿ ಬಂದಿಲ್ಲ. ಎಣ್ಣೆ ಹರಡಿ ಹಾಳೆ ಗಾಜಿನಂತಾಯಿತು. ಅದು ನಮ್ಮ ಕಾರ್ಖಾನೆಯ ಹಾಳೆ, ನಾನೇ ಪಾಸು ಮಾಡಿದ ಹಾಳೆ. ಸರ್ ಭಜಿ ತಿಂದು, ಎಣ್ಣೆಯ ಕಲೆಯ ಪಕ್ಕದಲ್ಲಿ ಕೆಂಪು ಪೆನ್ನಿನಿಂದ ಬರೆದರು: "ಇದರಲ್ಲಿ ಒಬ್ಬ ಮನುಷ್ಯನೂ ಇಲ್ಲ." ಆ ಪುಟವನ್ನು ನನಗೆ ಕೊಟ್ಟರು. ಉಳಿದ ಎಂಬತ್ತೈದನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು.

"ಇವು ನನ್ನ ಹತ್ರನ ಇರ್ಲಿ. ಹಿಂದಿನ ಬದಿ ಖಾಲಿ ಐತಿ, ಉಪಯೋಗಕ್ಕ ಬರ್ತಾವ."

ಅವತ್ತೇ ನದಿಯ ನೀರು ಮುಟ್ಟಿ ಆಣೆ ಮಾಡಿದೆ. ಇದೇ ಜಾಗ, ಇದೇ ನಲವತ್ತು ಜನ. ಇವರೆಲ್ಲರ ಮುಂದೆ ನನ್ನ ಕತೆ ಕೇಳಿ ಆ ತಲೆ ಬಗ್ಗಬೇಕು. ಅಲ್ಲಿಯವರೆಗೆ ಮಿರ್ಚಿ ಭಜಿ ಮುಟ್ಟುವುದಿಲ್ಲ. ಇದು ಸಣ್ಣ ತ್ಯಾಗವಲ್ಲ, ನಮ್ಮೂರ ಕಡೆಯವರಿಗೆ ಗೊತ್ತು.

ಎಣ್ಣೆ ಹತ್ತಿದ ಆ ಪುಟವನ್ನು ಪ್ಲಾಸ್ಟಿಕ್ ಕವರಿನಲ್ಲಿ ಮಡಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೆ. ಆಮೇಲೆ ಕೊಲ್ಲಲು ಕೂತೆ. ಮೊದಲ ಕತೆಯಲ್ಲಿ ಸರ್ ಅವರನ್ನು ಮೊಸಳೆ ನುಂಗಿತು. ಎರಡನೆಯದರಲ್ಲಿ ಕಬ್ಬು ಅರೆಯುವ ಗಾಣಕ್ಕೆ ಕೊಟ್ಟೆ. ಒಂದು ಕಡೆ ರಸ, ಒಂದು ಕಡೆ ಸಿಪ್ಪೆ. ಮೂರನೆಯದರಲ್ಲಿ ಆನೆ ತುಳಿಯಿತು, ನಾಲ್ಕನೆಯದರಲ್ಲಿ ಅದೇ ಆನೆಗೆ ಸಮಾಧಾನವಾಗದೆ ತಿರುಗಿ ಬಂದು ಮತ್ತೆ ತುಳಿಯಿತು. ಹೀಗೆ ಹನ್ನೊಂದು. ಪ್ರತಿಯೊಂದನ್ನೂ ಹೆಂಡತಿ ಅನ್ನಪೂರ್ಣಾಳಿಗೆ ಓದಿ ತೋರಿಸಿದೆ. ಅವಳು ಬದನೆಕಾಯಿ ಹೆಚ್ಚುತ್ತ ಕೇಳಿದಳು.

"ಹೆಂಗೈತಿ?" ಎಂದೆ.

"ಸರ್ ಸತ್ರೂ ಏನೂ ಅನಸಲಿಲ್ರೀ. ಮೊಸಳಿ ಹೊಟ್ಟಿದ ಚಿಂತಿ ಆತು. ಕನ್ನಡಕ ಸಹಿತ ನುಂಗೇತಿ, ಪಾಪ."

"ನಿನಗ ಸಾಹಿತ್ಯ ತಿಳಿಯೂದಿಲ್ಲ."

"ಹೂಂ, ನನಗ ತಿಳಿಯೂದಿಲ್ಲ. ಮಂದೀನ ಅಳಸೂದು ಕಲೀಬೇಕಂದ್ರ ಸನವಳ್ಳಿಗೆ ಹೋಗ್ರಿ. ಮಾಲವ್ವ ದೊಡ್ಡವ್ವ ಎಷ್ಟ ಮಂದೀನ ಅಳಿಸ್ಯಾಳ, ಒಂದ ಅಕ್ಷರ ಬರದಿಲ್ಲ."

ಅವಳು ತಮಾಷೆಗೆ ಹೇಳಿದಳು. ನಾನು ಮರುದಿನವೇ ಮುಂಡಗೋಡದ ಬಸ್ಸು ಹತ್ತಿದೆ.

ಮಾಲವ್ವ ನನ್ನ ತಾಯಿಯ ಅಕ್ಕ. ಮುಂಡಗೋಡ ತಾಲೂಕಿನಲ್ಲಿ ಯಾರು ಸತ್ತರೂ ಅವಳಿಗೆ ಹೇಳಿಕಳಿಸುತ್ತಾರೆ. ನಮ್ಮ ಜನರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಹೂವು ಏರಿಸಿ, ಜೀವಂತ ಇದ್ದವರಂತೆ ಕೂರಿಸುತ್ತೇವೆ. ಎದುರಿಗೆ ಹೆಂಗಸರು ಹಾಡಿ ಅಳುತ್ತಾರೆ. ಮಾಲವ್ವ ಬಾಯಿ ತೆರೆದಳೆಂದರೆ ತಗಡಿನ ಚಾವಣಿಯಿಂದ ನೀರು ಇಳಿಯುತ್ತಿತ್ತು. ಒಮ್ಮೆ ದಾರಿ ತಪ್ಪಿ ಬೇರೆಯವರ ಮನೆಗೆ ಹೋಗಿ ಅತ್ತಾಗ, ಆ ಮನೆಯ ಯಜಮಾನ ಊಟ ಬಿಟ್ಟೆದ್ದು ಬಂದು ತನ್ನ ಸಾವಿಗೆ ತಾನೇ ಬಿಕ್ಕಿ ಬಿಕ್ಕಿ ಅತ್ತನಂತೆ.

ಹೋದಾಗ ಅವಳು ಕಟ್ಟೆಯ ಮೇಲೆ ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ನಾನು ಹನ್ನೊಂದನೆಯ ಸಾವನ್ನು ಓದಿದೆ. ಅದರಲ್ಲಿ ಮತ್ತೆ ಮೊಸಳೆಯೇ, ಆದರೆ ಈ ಸಲ ಎರಡು. ಅವಳು ಕೇರುವುದನ್ನು ನಿಲ್ಲಿಸಲಿಲ್ಲ.

"ಹೆಣ ಎಲ್ಲೈತೋ ತಮ್ಮಾ?"

"ಮೊಸಳಿ ನುಂಗ್ಯಾವಲ್ಲ ದೊಡ್ಡವ್ವಾ."

"ಅದಕ್ಕ ಅಳು ಬರವಲ್ದು. ಹೆಣ ಇಲ್ಲದ ಮನ್ಯಾಗ ನಾ ಕುಂದ್ರೂದಿಲ್ಲ. ಮೊದಲ ಮನಶಾನ್ನ ಕುಂದ್ರಸು, ಆಮ್ಯಾಲ ಕೊಲ್ಲು."

"ಹೆಂಗ ಕುಂದ್ರಸೂದು?"

ಅವಳು ಮೊರ ಕೆಳಗಿಟ್ಟಳು. "ನಾ ಸತ್ತವರ ಮನೀಗೆ ಹೋದ ಕೂಡ್ಲೆ ಅಳೂದಿಲ್ಲ. ನೀರ ಕುಡೀತೇನಿ ಅಂತ ಒಳಗ ಹೋಗಿ ನೋಡ್ತೇನಿ. ಚಪ್ಲಿ ಯಾವ ಬದೀಗೆ ಸವದಾವು, ಅಂಗಿ ಯಾವ ಗೂಟಕ್ಕ ಹಾಕತಿದ್ದ, ತಾಟಿನ್ಯಾಗ ಏನ ಬಿಡತಿದ್ದ. ಒಂದ ಸಿಕ್ಕರ ಸಾಕು. ಒಂದ. ಎರಡ ಹೇಳಿದ್ರ ಮಂದಿ ಎಣಸಾಕ ಹತ್ತತಾರ, ಅಳೂದ ಬಿಡತಾರ." ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮಪ್ಪ ಸತ್ತಾಗ ನನಗ ಜ್ವರ ಇತ್ತು, ಬರಾಕ ಆಗಲಿಲ್ಲ. ಈಗ ನೀ ಹೇಳು. ಹೆಂಗಿದ್ದ ಅಂವ?"

ನಾನು ಎದೆ ಉಬ್ಬಿಸಿದೆ. "ನಮ್ಮಪ್ಪ ಒಂದ ಕೈಯಾಗ ಎತ್ತು ಎತ್ತತಿದ್ದ!"

"ಸುಳ್ಳು."

"ಕಾಗದದ ಸುರುಳಿ, ಎರಡ ಟನ್ನಿಂದು, ಹೆಗಲ ಮ್ಯಾಲ..."

"ಏಳು, ನಿನ್ನ ಬಸ್ಸಿಗೆ ಹೊತ್ತಾತು."

ಏಳಲು ಹೋದವನು ಏನೋ ನೆನಪಾಗಿ ಹೇಳಿದೆ: "ಅಪ್ಪ ಚಪ್ಲಿ ಹಾಕ್ಕೊಳ್ಳೂ ಮೊದಲ ಎರಡೂ ಹಿಡದು ಒಂದಕ್ಕೊಂದು ಬಡೀತಿದ್ದ. ಹಳ್ಯಾಗ ಚೇಳು ಇರತಿದ್ವಲ್ಲ, ಆ ರೂಢಿ. ಕಾರ್ಖಾನಿ ಕ್ವಾರ್ಟರ್ಸಿನ್ಯಾಗ ಒಂದ ಚೇಳೂ ಇರಲಿಲ್ಲ. ಮೂವತ್ತ ವರ್ಷ ಬಡದ. ಕಡೀ ದಿನ ದವಾಖಾನಿಗೆ ಹೋಗೂ ಮುಂದನೂ ಬಡದನ ಹೋದ."

ಮಾಲವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ನೋಡಿದರೆ ನನ್ನ ಕಣ್ಣೂ ಒದ್ದೆ. ಒಂದೇ ಒಂದು ಹುಲಿಯಿಲ್ಲ, ಭೂಕಂಪವಿಲ್ಲ, ಒಂದು ಜೊತೆ ಹಳೆಯ ಚಪ್ಪಲಿ. ನನಗೆ ಬಹಳ ಸಿಟ್ಟು ಬಂತು. ಇಷ್ಟು ಸುಲಭವಿದ್ದರೆ ಎಂಬತ್ತಾರು ಪುಟ ಯಾಕೆ ಬರೆದೆ?

"ಅಳಸೂದು ಗೊತ್ತಾತು ದೊಡ್ಡವ್ವಾ," ಎಂದೆ. "ಆದ್ರ ನನಗ ಸೇಡು ಬೇಕು. ಅಳುವಿನ್ಯಾಗ ಸೇಡು ಎಲ್ಲಿಂದ ಬರಬೇಕು?"

ಆಗ ಅವಳು ನಕ್ಕಳು. ಅವಳ ಬಾಯಲ್ಲಿ ಉಳಿದದ್ದು ಮೂರು ಹಲ್ಲು, ಮೂರೂ ಹರಿತ.

"ನಾ ಹೊಸದಾಗಿ ಈ ಊರಿಗೆ ಸೊಸಿಯಾಗಿ ಬಂದಾಗ ಒಬ್ಬ ಸಾವ್ಕಾರ ಇದ್ದ. ಕಾಳು ಅಳದ ಕೊಡೂ ಮುಂದ ಸೇರಿನ್ಯಾಗ ಹೆಬ್ಬೆಟ್ಟ ಇಳಿಬಿಡತಿದ್ದ. ಹೆಬ್ಬೆಟ್ಟಿನಷ್ಟ ಕಾಳು ಅವಗ ಉಳೀತಿತ್ತು. ಒಂದಿನ ನಾ ಅದನ್ನ ಕೇಳಿದ್ದಕ್ಕ ನನ್ನ ಚೀಲ ಬೀದ್ಯಾಗ ಚೆಲ್ಲಿದ. ನಾ ಆರಿಸ್ಕೊಂಡೆ, ಸುಮ್ನ ಬಂದೆ. ಹದಿನಾರ ವರ್ಷದ ಮ್ಯಾಲ ಅಂವ ಸತ್ತ. ಅವನ ಮಗನ ಬಂದ ನನ್ನ ಕರದ. ಹೋಗಿ ಎದಿ ಬಡ್ಕೊಂಡು ಅತ್ತೆ: ‘ಸೇರಿನ್ಯಾಗ ಹೆಬ್ಬೆಟ್ಟ ಇಟ್ಟು ಅಳದ ಕೊಡಾಂವ, ನನ್ನಪ್ಪಾ, ಆ ಹೆಬ್ಬೆಟ್ಟ ಇನ್ನ ಎಲ್ಲಿ ನೋಡ್ಲೋ!’ ಮತ್ತೊಂದ ಮಾತ ಆಡಲಿಲ್ಲ. ಅದನ್ನ ಅಂದೆ, ಅದನ್ನ ಅಂದೆ. ಊರ ಮಂದಿ ಎಲ್ಲಾ ಅವನ ಕೈ ನೋಡಿದ್ರು. ಇವತ್ತೂ ಆ ಮನೀಗೆ ಹೆಬ್ಬೆಟ್ಟಿನವರ ಮನಿ ಅಂತಾರ."

"ಬೈಲಿಲ್ಲ?"

"ಬೈದ್ರ ಅವರ ಮಂದಿ ನನ್ನ ಹೊರಗ ಹಾಕತಿದ್ರು. ಅಳಾಕಿನ್ನ ಯಾರು ಹೊರಗ ಹಾಕತಾರ? ಖರೇ ಇದ್ದದ್ದ ಒಂದನ್ನ ಹುಡುಕು, ಅತ್ತಕೊಂತ ಹೇಳು. ಹುಡುಕಲಾರ್ದ ಹೋದ್ರ ಹೆಣದ್ದ ತಪ್ಪಲ್ಲ, ನಿಂದು."

ನಾನು ಹಳಿಯಾಳಕ್ಕೆ ಹೋಗಿ ಹುಡುಕಿದೆ. ನಾಲ್ಕು ವಾರದ ರಜೆಯ ದಿನಗಳನ್ನೂ ಸರ್ ಅವರ ಹಿಂದೆ ತಿರುಗುವುದಕ್ಕೇ ಕೊಟ್ಟೆ. ಬಸ್ ಸ್ಟ್ಯಾಂಡಿನ ಎದುರಿಗೆ ಚಹಾ ಕುಡಿದರು, ಪೇಪರು ಓದಿದರು, ಮೆಂತ್ಯೆಸೊಪ್ಪು ಕೊಂಡರು, ಮನೆಗೆ ಹೋದರು. ಚಪ್ಪಲಿ ಎರಡೂ ಬದಿಗೆ ಸಮನಾಗಿ ಸವೆದಿತ್ತು. ಇಷ್ಟು ಕೆಟ್ಟ ಮನುಷ್ಯನಲ್ಲಿ ಒಂದು ಕೆಟ್ಟ ಚಟವೂ ಇಲ್ಲವಲ್ಲ ಎಂದು ನನಗೆ ದೇವರ ಮೇಲೆಯೇ ಸಂಶಯ ಬಂತು.

ಮುಂದಿನ ತಿಂಗಳು ಹಳಿಯಾಳದಲ್ಲೇ ಒಂದು ಮದುವೆ. ಅನ್ನಪೂರ್ಣಾಳ ಚಿಕ್ಕಪ್ಪನ ಮಗಳು ಶಿವಗಂಗಾ, ಅವಳ ಮಗಳು ದಾನೇಶ್ವರಿಯೇ ಮದುಮಗಳು. ವರ ಸಚಿನ, ಅದೇ ಊರಿನವನೇ. ಅವನ ಮನೆಯ ಹೊಸ್ತಿಲಲ್ಲಿ ನಾದಿನಿಯರು ಅಡ್ಡ ನಿಂತರು.

"ಹೆಸರ ಹೇಳು, ಒಳಗ ಬಾ!"

"ಹೇಳ್ಲಿಲ್ಲಂದ್ರ ಇವತ್ತ ಕಟ್ಟಿ ಮ್ಯಾಲನ ಮಲಗಬೇಕಾಕ್ಕೈತಿ ನೋಡ ವೈನಿ!"

ದಾನೇಶ್ವರಿ ಅಂಗೈಯನ್ನೊಮ್ಮೆ ನೋಡಿಕೊಂಡು, ಕಣ್ಣು ಮುಚ್ಚಿ, ಗಟ್ಟಿಯಾಗಿ ಹೇಳಿದಳು:

"ಹಳಿಯಾಳದ ಕಬ್ಬಿಗೆ ಗೆಣ್ಣು ಗೆಣ್ಣಿಗೂ ಸಿಹಿ, ಸಚಿನರ ಹೆಸರಿಗೆ ಇಂದಿನಿಂದ ನನ್ನ ಸಹಿ!"

ಹೋ ಎಂದು ಚಪ್ಪಾಳೆ. ಅವಳು ಅಕ್ಕಿಯ ಸೇರು ಒದ್ದು ಒಳಗೆ ಹೋದಳು. ಅಂಗೈಯಲ್ಲಿದ್ದ ಚೀಟಿ ನನ್ನ ಕಾಲ ಬಳಿ ಬಿತ್ತು. ಎತ್ತಿಕೊಂಡೆ. ನೋಡುವ ಮೊದಲೇ ಹೆಬ್ಬೆರಳು ಹೇಳಿತು: ನಮ್ಮ ಕಾರ್ಖಾನೆ, ನನ್ನ ಪಾಳಿ. ಬಿಡಿಸಿದೆ. ಕೆಂಪು ಶಾಯಿ. ಜೇಬಿನಿಂದ ಎಣ್ಣೆಯ ಪುಟ ತೆಗೆದು ಪಕ್ಕದಲ್ಲಿ ಹಿಡಿದೆ. ಅದೇ ಕೈ, ಅದೇ ಬಾಲ ಬಿಟ್ಟ ‘ಇ’. ಚೀಟಿ ತಿರುಗಿಸಿದೆ. ಹಿಂದಿನ ಬದಿಯಲ್ಲಿ, ಕತ್ತರಿಸಿದ ಅಂಚಿನ ನಡುವೆ, ನನ್ನದೇ ಅಕ್ಷರ: "...ಏಳನೆಯ ಹುಲಿಯು ಎಂಟನೆಯ ಹುಲಿಯನ್ನು ನೋಡಿ ಘರ್ಜಿಸುತ್ತಾ..."

ನನ್ನ ಮೈಯ ರಕ್ತ ಎಷ್ಟು ಕುದಿಯಿತೆಂದರೆ ಆ ಮದುವೆಯ ಅನ್ನವನ್ನು ಅದರ ಮೇಲೆಯೇ ಬೇಯಿಸಬಹುದಿತ್ತು. ನನ್ನನ್ನು ಒಡಪಿನವನೆಂದು ನಲವತ್ತು ಜನರ ಮುಂದೆ ನಗೆಪಾಟಲು ಮಾಡಿದ ಮನುಷ್ಯ, ಮನೆಯಲ್ಲಿ ಕೂತು ಒಡಪು ಬರೆಯುತ್ತಾನೆ! ಅದೂ ನನ್ನ ಹುಲಿಗಳ ಬೆನ್ನ ಮೇಲೆ!

ಶಿವಗಂಗಾಳನ್ನು ಊಟದ ಪಂಕ್ತಿಯ ಹಿಂದೆ ಹಿಡಿದೆ. "ಏನವಾ, ಈ ಒಡಪ ಯಾರ ಬರದಕೊಟ್ಟಾರ?"

ಅವಳು ಚೀಟಿ ಕಸಿದುಕೊಂಡಳು. "ಅಯ್ಯ ಮಾಂವಾರ, ಸಾವಕಾಶ! ಯಾರಿಗೂ ಹೇಳಬ್ಯಾಡ್ರಿ ಅಂದಾರ ಸರ್. ನಮ್ಮ ಓಣ್ಯಾಗಿನ ಎಲ್ಲಾ ಹುಡಿಗ್ಯಾರಿಗೂ ಅವರ ಬರಕೊಡತಾರ. ಹುಡುಗನ ಹೆಸರ ಹೇಳಿ ಬಂದ್ರ ಸಾಕು, ಎರಡ ದಿನದಾಗ ಚೀಟಿ."

"ಯಾಕ? ಅವರಿಗೇನ ಬ್ಯಾರೆ ಕೆಲಸ ಇಲ್ಲೇನು?"

ಅವಳು ಅತ್ತಿತ್ತ ನೋಡಿ ದನಿ ಇಳಿಸಿದಳು. "ಅವರ ಹೆಂಡತಿ ಗಿರಿಜಾಬಾಯಾರು ತೀರ್ಕೊಂಡ್ರಲ್ಲ, ಆರ ವರ್ಷದ ಹಿಂದ. ಅವರ ನಮ್ಮವ್ವನ ಮುಂದ ಹೇಳಿದ್ದು. ತಮ್ಮ ಮದುವ್ಯಾಗ ಹಿಂಗ ಹೊಸ್ತಿಲದಾಗ ನಿಂದ್ರಿಸಿದಾಗ ಗಾಬರ್ಯಾಗಿ ಒಡಪ ಮರತಬಿಟ್ಟಿದ್ರಂತ. ಮಂದಿ ಎಲ್ಲಾ ನೋಡಾಕತ್ತಾರ, ಬಾಯಾಗ ಮಾತಿಲ್ಲ. ಸರ್ ಆಗ ವಯಸಿನ್ಯಾಗಿದ್ರು. ‘ಬಿಡ್ರಿ ಒಳಗ, ಮೂಕೀನ ಕಟ್ಟೀರಿ ನನಗ’ ಅಂದ್ರಂತ. ಎಲ್ಲಾರೂ ಬಿದ್ದ ಬಿದ್ದ ನಕ್ಕರಂತ. ಅವತ್ತಿಂದ ಆ ಮನ್ಯಾಗ ಅವರಿಗೆ ಮೂಕಿ ಅಂತನ ಹೆಸರು ಆತು. ಸಾಯೂತನಕ ಗಂಡನ ಹೆಸರ ಒಮ್ಮೇನೂ ಬಾಯಿಂದ ಬರಲಿಲ್ಲಂತ."

ಪಂಕ್ತಿಯಲ್ಲಿ ಯಾರೋ ಸಾರು ಸಾರು ಎಂದು ಕೂಗುತ್ತಿದ್ದರು. ನಾನು ಅಲ್ಲಿಯೇ ನಿಂತೆ. ಸೇರಿನೊಳಗಿನ ಹೆಬ್ಬೆಟ್ಟು ಸಿಕ್ಕಿತ್ತು.

ಬರೆಯಲು ಎರಡು ತಿಂಗಳು ಹಿಡಿಯಿತು. ಆರೇ ಪುಟ. ಅಷ್ಟರೊಳಗೆ ನಾನು ಹರಿದೆಸೆದ ಹಾಳೆಗಳಿಂದ ಕಾರ್ಖಾನೆ ಇನ್ನೊಂದು ಪಾಳಿ ಹೆಚ್ಚಿಗೆ ನಡೆಸಬೇಕಾಯಿತು. ಪ್ರತಿ ಪುಟದಲ್ಲೂ ಒಂದೊಂದು ಹುಲಿ ಬರಲು ನೋಡುತ್ತಿತ್ತು. ಬಾಲ ಹಿಡಿದು ಹೊರಗೆಳೆದೆ. ಕತೆಯೊಳಗೆ ಸರ್ ಅವರ ಹೆಸರು ಮಹಾಂತಪ್ಪ ಮಾಸ್ತರ. ಮಾಸ್ತರ ಸತ್ತು ಕೂತಿದ್ದಾನೆ. ಹಾಡಿ ಅಳುವ ಮುದುಕಿ ಬರುತ್ತಾಳೆ, ನೀರು ಕುಡಿಯುತ್ತೇನೆಂದು ಒಳಗೆ ಹೋಗಿ ಮನೆಯೆಲ್ಲ ಹುಡುಕುತ್ತಾಳೆ, ಅಳಲಿಕ್ಕೆ ಏನೂ ಸಿಗುವುದಿಲ್ಲ. ಅಂಗಳದಲ್ಲಿ ಓಣಿಯ ಹೆಂಗಸರು ಒಬ್ಬೊಬ್ಬರೇ ಬಂದು ತಮ್ಮ ತಮ್ಮ ಮದುವೆಯ ಚೀಟಿಯನ್ನು ಮಾಸ್ತರನ ಮಡಿಲಲ್ಲಿ ಇಡುತ್ತಾರೆ. ಕೊನೆಗೆ ಮುದುಕಿಗೆ ಮೇಜಿನ ಡ್ರಾದಲ್ಲಿ ಒಂದು ಚೀಟಿ ಸಿಗುತ್ತದೆ. ಯಾರಿಗೂ ಕೊಡದ ಚೀಟಿ. ಹೆಂಡತಿ ಸತ್ತ ಮೇಲೆ ಅವಳಿಗಾಗಿ ಅವನು ಬರೆದದ್ದು. ಮುದುಕಿ ಅದನ್ನು ಬೇರೊಬ್ಬಳಿಂದ ಓದಿಸಿ ಕೇಳುತ್ತಾಳೆ, ಹೊಸ್ತಿಲಿಗೆ ಬಂದು ನಿಲ್ಲುತ್ತಾಳೆ, ಅಳುವ ಬದಲು ಅದನ್ನೇ ಹೇಳುತ್ತಾಳೆ:

"ಮಂದಿ ಮುಂದ ಮಾತು ಮರೆತು ನಿಂತೆ ನಾನು ಅಂದು, ಮಹಾಂತಪ್ಪನ ಹೆಸರ ಹೇಳಾಕ ಬಂದೇನಿ ಇಂದು."

ಆ ಡ್ರಾ, ಆ ಚೀಟಿ, ಆ ಎರಡು ಸಾಲು, ಎಲ್ಲ ನಾನು ಹುಟ್ಟಿಸಿದ್ದು. ಅದರ ಕೆಳಗೆ ಒಂದು ಕೊನೆಯ ಪ್ಯಾರಾ ಹಾಕಿದೆ. ಅದು ನನ್ನ ಸೇಡು. ಹೆಂಡತಿಯನ್ನು ಮಂದಿಯ ಮುಂದೆ ನಗೆಗೀಡು ಮಾಡಿದವನು ಬುದ್ಧಿ ಕಲಿಯದೆ ಪರರನ್ನೂ ಹಾಗೆಯೇ ಮಾಡುತ್ತ ಹೋದನೆಂದೂ, ಪರರ ಬಾಯಿ ಮುಚ್ಚಿಸಿದ ಬಾಯಿಗೆ ಈಗ ಮಣ್ಣು ಬೀಳುತ್ತದೆಂದೂ ಹನ್ನೆರಡು ಸಾಲಿನಲ್ಲಿ ಬೆಂಕಿ ಕಾರಿದೆ. ಬರೆದ ಮೇಲೆ ಪೆನ್ನು ಮುಟ್ಟಿದರೆ ಸುಡುತ್ತಿತ್ತು.

ಮತ್ತೆ ಮೌಳಂಗಿ. ಅದೇ ಕಮ್ಮಟ, ಅದೇ ನಲವತ್ತು ಜನ. ಇಬ್ಬರು ಬಂದಿರಲಿಲ್ಲ, ಸುಭಾಸನಿಗೆ ಬೆನ್ನು ಹತ್ತಿ ಅವರನ್ನೂ ಕರೆಸಿದ್ದೆ. ಮೂವತ್ತೆಂಟು ಜನರ ಮುಂದೆ ತಲೆ ಬಗ್ಗಿದರೆ ನನ್ನ ಲೆಕ್ಕಕ್ಕೆ ಬರುತ್ತಿರಲಿಲ್ಲ. ಸರ್ ಎದುರಿಗೆ ಕೂತಿದ್ದರು, ಕೈಯಲ್ಲಿ ಕೆಂಪು ಪೆನ್ನು.

"ಬರ್ರಿ ಬಾಳೇಶ. ಈ ಸಲ ಎಷ್ಟ ಹುಲಿ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಓದಿದೆ.

ಚೀಟಿಗಳು ಬಂದ ಕೂಡಲೇ ನಗೆ ಏಳುತ್ತದೆ, ಎಲ್ಲರೂ ಸರ್ ಕಡೆ ತಿರುಗಿ ಬೆರಳು ತೋರಿಸುತ್ತಾರೆ ಎಂದು ನಾನು ಎಣಿಸಿದ್ದೆ. ಹಾಗೇನೂ ಆಗಲಿಲ್ಲ. ಎರಡನೆಯ ಪುಟಕ್ಕೆ ಚಹಾ ತಂದವನು ತಟ್ಟೆ ಹಿಡಿದೇ ನಿಂತ. ನಾಲ್ಕನೆಯ ಪುಟಕ್ಕೆ ನದಿಯ ಸದ್ದು ಕೇಳಿಸತೊಡಗಿತು. ಹಿಂದಿನ ವರ್ಷ ಎರಡು ದಿನ ಅಲ್ಲಿಯೇ ಕೂತರೂ ಅದು ನನ್ನ ಕಿವಿಗೆ ಬಿದ್ದಿರಲಿಲ್ಲ. ಒಡಪಿನ ಎರಡು ಸಾಲಿಗೆ ಬಂದಾಗ ಮುಂದಿನ ಸಾಲಿನ ಒಬ್ಬ ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸುಭಾಸ ಕನ್ನಡಕ ತೆಗೆದ. ನಾನು ಸರ್ ಅವರನ್ನೇ ನೋಡುತ್ತಿದ್ದೆ.

ತಲೆ ಬಗ್ಗಿತು. ಎಷ್ಟು ಬಗ್ಗಿತು ಎಂದು ಅಳತೆ ಹೇಳುವುದಿಲ್ಲ. ಬಗ್ಗಿತು.

ಕೊನೆಯ ಪ್ಯಾರಾವನ್ನು ಗುಡುಗಿದಂತೆ ಓದಿದೆ. ಯಾರೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಮುಗಿದ ಮೇಲೆ ನಲವತ್ತು ಜನ ಎದ್ದರು. ಆದರೆ ನನ್ನ ಕಡೆ ಬಂದವರು ಐದಾರು ಜನ. ಉಳಿದವರು ಸರ್ ಅವರ ಕಡೆ ಹೋದರು. ಅವರೇ ಮಹಾಂತಪ್ಪನೆಂದು ಎಲ್ಲರಿಗೂ ತಿಳಿದಿತ್ತು. ಹಳಿಯಾಳದವರು ಹತ್ತು ಜನ ಇದ್ದರಲ್ಲ. ಸುಭಾಸ ಹೋಗಿ ಅವರ ಕೈ ಹಿಡಿದುಕೊಂಡ. ಆ ಸೆರಗಿನ ಹೆಂಗಸು ಕಾಲು ಮುಟ್ಟಿ ನಮಸ್ಕರಿಸಿದಳು. ನೋಡಿ, ಅನ್ಯಾಯ ನೋಡಿ. ನಾನು ವರ್ಷವಿಡೀ ಭಜಿ ಬಿಟ್ಟು ಕಟ್ಟಿದ ಗಲ್ಲುಗಂಬಕ್ಕೆ ಜನ ಹೂಮಾಲೆ ಹಾಕುತ್ತಿದ್ದಾರೆ!

ಸರ್ ಎಲ್ಲರಿಂದ ಬಿಡಿಸಿಕೊಂಡು ನದಿಯ ದಂಡೆಗೆ ಹೋದರು. ನಾನು ಬಿಡುತ್ತೇನೆಯೇ? ಹಿಂದೆಯೇ ಹೋದೆ. ನೀರಿನ ಕಡೆ ಮುಖ ಮಾಡಿ ನಿಂತಿದ್ದರು.

"ಹೆಂಗಿತ್ರೀ ಸರ್?" ಎಂದೆ. ಆ ಒಂದು ಪ್ರಶ್ನೆಯನ್ನು ಹದಿಮೂರು ತಿಂಗಳು ನಾಲಿಗೆಯ ಮೇಲೆ ಇಟ್ಟುಕೊಂಡು ಹರಿತ ಮಾಡಿದ್ದೆ. "ಈ ಸಲರೆ ಒಬ್ಬ ಮನಶಾ ಇದ್ದನೋ ಇಲ್ಲೋ?"

"ಇದ್ದ," ಎಂದರು.

ನಾನು ಇನ್ನೇನಾದರೂ ಬರುತ್ತದೆಂದು ಕಾದೆ. ನನ್ನ ಕಡೆ ತಿರುಗದೆ ಹೇಳಿದರು:

"ಕಡೀ ಪ್ಯಾರಾ ತಗದ ಬಿಡ್ರಿ. ಅದು ನಿಮ್ಮ ಸಿಟ್ಟು. ಕತಿ ಅದರ ಹಿಂದಿನ ಸಾಲಿಗೆ ಮುಗದೈತಿ."

"ಅದನ್ನ ತಗಿಯೂದಿಲ್ರೀ ಸರ್."

"ಮತ್ತ..." ಎಂದು ನಿಲ್ಲಿಸಿದರು. ಕೆಂಪು ಪೆನ್ನಿನ ಕ್ಯಾಪು ತೆಗೆದರು, ಹಾಕಿದರು. "ಮತ್ತ ನಮ್ಮನ್ಯಾಗ ಡ್ರಾ ಇಲ್ಲ. ಪೆಟಗಿ ಐತಿ. ಅಕಿ ತವರಿಂದ ತಂದ ಕಟ್ಟಗಿ ಪೆಟಗಿ. ಅದರ ತಳಕ್ಕ, ಅಕಿ ಮದುವಿ ಸೀರಿ ಮಡಿಕ್ಯಾಗ ಐತಿ."

ನನಗೆ ಮೊದಲು ಅರ್ಥವಾಗಲಿಲ್ಲ. "ಏನೈತ್ರೀ?"

"ಚೀಟಿ. ಸಾಲು ಬ್ಯಾರೆ. ನಿಮ್ಮಷ್ಟ ಛಲೋ ಇಲ್ಲ." ಆಗ ಮೊದಲ ಬಾರಿ ನನ್ನ ಮುಖ ನೋಡಿದರು. "ಅದನ್ನ ನಾ ಯಾರಿಗೂ ಹೇಳಿಲ್ಲ. ಮಕ್ಕಳಿಗೂ ಹೇಳಿಲ್ಲ. ನಿಮಗ ಯಾರ ಹೇಳಿದ್ರು, ಬಾಳೇಶ?"

ಅಲ್ಲಿ ಹೇಳಲಿಕ್ಕೆ ನನ್ನ ಬಳಿ ಏಳುನೂರು ಸುಳ್ಳಿದ್ದವು. ಯೋಗಿಯೊಬ್ಬ ಕನಸಿನಲ್ಲಿ ಬಂದನೆನ್ನಬಹುದಿತ್ತು, ಗಿರಿಜಾಬಾಯಿಯವರೇ ಬಂದರೆನ್ನಬಹುದಿತ್ತು.

"ಯಾರೂ ಹೇಳಿಲ್ರಿ," ಎಂದೆ.

ಅವರು ತಲೆಯಾಡಿಸಿದರು. ಚೀಲದಿಂದ ಒಂದು ಕಟ್ಟು ತೆಗೆದು ನನ್ನ ಕೈಗಿಟ್ಟು ಹೊರಟುಹೋದರು. ನನ್ನ ಹಳೆಯ ಕತೆ. ಎಣಿಸಿದೆ, ಎಂಬತ್ತೈದರಲ್ಲಿ ಐವತ್ತೆರಡು ಉಳಿದಿದ್ದವು. ಹೋದ ಹಾಳೆಗಳ ಹುಲಿಗಳೆಲ್ಲ ಹಳಿಯಾಳದ ಹೊಸ್ತಿಲು ದಾಟಿ ಸಂಸಾರ ಹೂಡಿದ್ದವು.

ಮರುದಿನ ಸನವಳ್ಳಿಗೆ ಹೋದೆ. ಮಾಲವ್ವ ನನ್ನನ್ನು ಕಂಡ ಕೂಡಲೇ ಕೇಳಿದಳು, "ಅತ್ತರೇನೋ?"

"ಮಂದಿ ಎಲ್ಲಾ ಅತ್ತರು ದೊಡ್ಡವ್ವಾ. ಮೊಸಳಿನೂ..."

"ಅಂವ?"

"ಅಂವ ಅಳಲಿಲ್ಲ. ತಲಿ ಬಗ್ಗಿಸಿದ. ಆಮ್ಯಾಲ, ಡ್ರಾ ಅಲ್ಲ ಪೆಟಗಿ ಅಂದ." ಎಲ್ಲವನ್ನೂ ಹೇಳಿದೆ. ಕೊನೆಗೆ ಕೇಳಿದೆ, "ಹಂಗಾರ ನಾ ಗೆದ್ದೆನೋ ಸೋತೆನೋ?"

ಅವಳು ಮೊರವನ್ನು ಹತ್ತಿರಕ್ಕೆ ಎಳೆದುಕೊಂಡಳು. "ಗೆದ್ದದ್ದು ಸೋತದ್ದು ನನಗ ಯಾಕ ಕೇಳ್ತಿ? ಹೋಗಿ ಪೆಟಗಿ ಅಂತ ಬರಿ."

ಬರೆದೆ. ಡ್ರಾ ಹೊಡೆದುಹಾಕಿ ಪೆಟ್ಟಿಗೆ ಎಂದು ಬರೆದೆ, ತಳದಲ್ಲಿ ಮದುವೆಯ ಸೀರೆ ಇಟ್ಟೆ. ಅದರಿಂದ ಕತೆ ಹತ್ತು ಪಾಲು ಮೇಲೇರಿತು. ಸಾವಿರ ಪಾಲು ಎನ್ನಬಹುದು, ಆದರೆ ಹತ್ತು ಎಂದರೆ ಸಾಕು. ಮುಂದೆ ಅದು ಪತ್ರಿಕೆಯಲ್ಲಿ ಅಚ್ಚಾಯಿತು. ಅನ್ನಪೂರ್ಣಾ ಅದನ್ನು ಓದಿ ಬದನೆಕಾಯಿಯ ಬದಲು ಬೆರಳು ಕೊಯ್ದುಕೊಂಡಳು. ಮಿರ್ಚಿ ಭಜಿ ತಿನ್ನಲು ಶುರು ಮಾಡಿದ್ದೇನೆ, ಒಂದೇ ಸಲಕ್ಕೆ ಹದಿನೇಳು.

ಕೊನೆಯ ಪ್ಯಾರಾ ಮಾತ್ರ ತೆಗೆಯಲಿಲ್ಲ. ಪತ್ರಿಕೆಯವರು ಇದು ಬೇಡವೇನೋ ಎಂದು ಫೋನು ಮಾಡಿದರು, ಇರಲಿ ಎಂದೆ. ಅದು ಕೆಟ್ಟದ್ದು ಎಂದು ನನಗೆ ಗೊತ್ತು. ಓದಿದ ಪ್ರತಿ ಸಲವೂ ಒಳ್ಳೆಯ ಅನ್ನದಲ್ಲಿ ಹರಳು ಕಚ್ಚಿದಂತೆ ಆಗುತ್ತದೆ. ಆ ಹನ್ನೆರಡು ಸಾಲು ತೆಗೆದರೆ ಕತೆ ಪೂರ್ತಿಯಾಗಿ ಸರ್ ಅವರ ಪಾಲಾಗಿಬಿಡುತ್ತದೆ. ಎಣ್ಣೆಯ ಆ ಪುಟ ಇನ್ನೂ ನನ್ನ ಜೇಬಿನಲ್ಲಿದೆ. ಹರಳೂ ಇರಲಿ, ಹಲ್ಲು ಮುರಿದರೂ ಮುರಿಯಲಿ.